ಬಳಲಿದ ಹವಳದ ಆರೈಕೆ: ಮೊದಲು ಯಾವುದು, ಅನಂತರ ಯಾವುದು?

ಹವಳಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವುದು ಮೀನು ಸಾಕಿದಷ್ಟು ಸುಲಭವಲ್ಲ. ನೀರು ಕೆಟ್ಟರೆ ಮೀನು ಜಾಗ ಬದಲಿಸುತ್ತದೆ, ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತದೆ. ಹವಳ ಇದ್ದಲ್ಲಿಯೇ ಇರುವ ಪ್ರಾಣಿ. ಅದರ ಸಂಕಟ ತಿಳಿಯುವುದು ಬಣ್ಣ ಕುಂದುವುದರಿಂದ, ಪಾಲಿಪ್‌ಗಳು ಮುದುಡಿಕೊಳ್ಳುವುದರಿಂದ, ಲೋಳೆ ಸುರಿಯುವುದರಿಂದ. ಅಷ್ಟು ಹೊತ್ತಿಗೆ ತೊಂದರೆ ಸಾಕಷ್ಟು ಮುಂದುವರಿದಿರುತ್ತದೆ. ಆಗ ಮಾಡಬೇಕಾದುದೇನು? ಕೆಟ್ಟ ನೀರು ಹವಳವನ್ನು ಕೊಲ್ಲುವಂತೆ ಅವಸರದ ಚಿಕಿತ್ಸೆಯೂ ಕೊಲ್ಲಬಲ್ಲದು. ಆದ್ದರಿಂದ ಯಾವ ಕ್ರಮವನ್ನು ಮೊದಲು ಕೈಗೊಳ್ಳಬೇಕು, ಯಾವುದನ್ನು ತಡೆದು ಮಾಡಬೇಕು ಎಂಬುದೇ ಇಲ್ಲಿ ಮುಖ್ಯ. ಅದನ್ನು ತೀರ್ಮಾನಿಸಲು ಪದವಿಪೂರ್ವ ತರಗತಿಯ ಭೌತ ಹಾಗೂ ರಸಾಯನ ವಿಜ್ಞಾನ ಬಹುಮಟ್ಟಿಗೆ ಸಾಕು.

ಇದು ಕೇವಲ ಹವ್ಯಾಸಿಗಳ ವಿಚಾರ ಎಂದು ಭಾವಿಸಬೇಡಿ. 2023ರ ಜುಲೈನಲ್ಲಿ ಅಮೆರಿಕದ ಫ್ಲಾರಿಡಾ ತೀರದ ಮನಾಟಿ ಕೊಲ್ಲಿಯಲ್ಲಿ ನೀರಿನ ಉಷ್ಣತೆ 38.4 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಬೇಸಿಗೆಯಲ್ಲಿ ಅಲ್ಲಿನ ವಿಜ್ಞಾನಿಗಳು ಸಾವಿರಾರು ಹವಳದ ತುಣುಕುಗಳನ್ನು ಸಮುದ್ರದಿಂದ ಎತ್ತಿ ಕೀಸ್ ಸಾಗರ ಪ್ರಯೋಗಾಲಯವೇ ಮೊದಲಾದ ಕಡೆ ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿದರು. ಸಮುದ್ರದಲ್ಲಿ ಉಳಿಯದ ತಳಿಗಳಿಗೆ ತೊಟ್ಟಿಯೇ ಆಶ್ರಯವಾಗುತ್ತಿರುವ ಕಾಲವಿದು. ತೊಟ್ಟಿಯ ನೀರು ಕೆಟ್ಟರೆ ಆಶ್ರಯವೂ ಹೋದಂತೆ.

ಹವಳದ ಒಳಗಿನ ಪಾಲುದಾರ

ಹವಳದ ಪಾಲಿಪ್ ಒಂದು ಪುಟ್ಟ ಪ್ರಾಣಿ. ಅದರ ಜೀವಕೋಶಗಳ ಒಳಗೆ ಝೂಝಾಂಥೆಲೆ ಎಂಬ ಏಕಕೋಶ ಶೈವಲಗಳು ವಾಸಿಸುತ್ತವೆ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಇವುಗಳ ಸಂಖ್ಯೆ ಸುಮಾರು ಹತ್ತು ಲಕ್ಷ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸಿ ಇವು ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಪ್ರತಿಯಾಗಿ ಹವಳವು ಶೈವಲಕ್ಕೆ ನೆಲೆಯನ್ನೂ ಇಂಗಾಲದ ಡೈಆಕ್ಸೈಡನ್ನೂ ಸಾರಜನಕದ ಸಂಯುಕ್ತಗಳನ್ನೂ ಒದಗಿಸುತ್ತದೆ.

ಒತ್ತಡಕ್ಕೆ ಸಿಕ್ಕಾಗ ಈ ಸಹಜೀವನ ಮುರಿಯುತ್ತದೆ. ಶೈವಲದ ದ್ಯುತಿಸಂಶ್ಲೇಷಣಾ ವ್ಯವಸ್ಥೆ ಹಾಳಾದರೆ, ಹೀರಿದ ಬೆಳಕಿನ ಶಕ್ತಿ ಸಕ್ಕರೆ ತಯಾರಿಕೆಗೆ ಹೋಗದೆ ಆಕ್ಸಿಜನ್ನಿನ ಹಾನಿಕರ ರೂಪಗಳನ್ನು ಉಂಟುಮಾಡುತ್ತದೆ. ಶೈವಲಗಳು ಹವಳದಿಂದ ಹೊರಬೀಳುತ್ತವೆ. ಪಾರದರ್ಶಕ ಅಂಗಾಂಶದ ಮೂಲಕ ಸುಣ್ಣದ ಅಸ್ಥಿಪಂಜರ ಬೆಳ್ಳಗೆ ಕಾಣುತ್ತದೆ. ಇದೇ ಬಿಳಿಚುವಿಕೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಿಳಿಚಿದ ಹವಳ ಸತ್ತ ಹವಳವಲ್ಲ. ಭೂತಗನ್ನಡಿಯಿಂದ ನೋಡಿದರೆ ಪಾರದರ್ಶಕ ಪಾಲಿಪ್‌ಗಳು ಕಾಣುತ್ತವೆ, ಅದು ಚೇತರಿಸಿಕೊಳ್ಳಬಲ್ಲದು. ಅಂಗಾಂಶವೇ ಕಿತ್ತುಬಂದು ಬರಿಯ ಸುಣ್ಣ ಉಳಿದಿದ್ದರೆ ಆ ಭಾಗ ಸತ್ತಂತೆ. ಸಾವು ಅಂಚಿನಿಂದ ಹರಡುತ್ತಿದ್ದರೆ, ಆರೋಗ್ಯವಾಗಿರುವ ತುಣುಕನ್ನು ಕತ್ತರಿಸಿ ಬೇರೆಡೆ ಇಡುವುದು ರೂಢಿ.

ಒಂದು ರಾತ್ರಿಯ ಕತೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. 400 ಲೀಟರ್ ನೀರಿರುವ ಒಂದು ಹವಳದ ತೊಟ್ಟಿ. ರಾತ್ರಿ ವಿದ್ಯುತ್ ಹೋಗಿ ಪಂಪು ನಿಂತಿತೆಂದು ಭಾವಿಸಿ. ಲವಣಾಂಶ ಕಿಲೋಗ್ರಾಂಗೆ 35 ಗ್ರಾಂ ಇರುವ ಸಮುದ್ರದ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡಬಲ್ಲದು. ಅದೇ ಉಷ್ಣತೆಯ ಸಿಹಿನೀರಿನಲ್ಲಿ ಇದು ಸುಮಾರು 8.3 ಮಿಲಿಗ್ರಾಂ. ಅಂದರೆ ಹವಳದ ತೊಟ್ಟಿಯ ಉಳಿತಾಯ ಮೊದಲೇ ಕಡಿಮೆ. ಕತ್ತಲಲ್ಲಿ ದ್ಯುತಿಸಂಶ್ಲೇಷಣೆ ಇಲ್ಲ. ಮೀನು, ಹವಳ, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಆಕ್ಸಿಜನ್ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಪಿಎಚ್ 8.2ರಿಂದ 7.6ಕ್ಕೆ ಕುಸಿಯುತ್ತದೆ. ಒಂದು ಮೀನು ಸತ್ತು ಕಲ್ಲಿನ ಹಿಂದೆ ಕೊಳೆತು ಅಮೋನಿಯ ಸೇರುತ್ತದೆ.

ಬೆಳಿಗ್ಗೆ ವಿದ್ಯುತ್ ಬಂತು. ಈಗ ಮೊದಲ ಕೆಲಸ ಯಾವುದು?

ಅನುಮಾನವಿಲ್ಲದೆ ಆಕ್ಸಿಜನ್. ಪಂಪು ನಡೆಸಿ ನೀರಿನ ಮೇಲ್ಮೈಯನ್ನು ಕಲಕಬೇಕು. ಆದರೆ ಹೀಗೆ ಮಾಡಿದಾಗ ಮತ್ತೊಂದು ಪರಿಣಾಮವೂ ಆಗುತ್ತದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ವಿಷವಲ್ಲದ ಅಮೋನಿಯಂ ಅಯಾನು ಮತ್ತು ಜೀವಕೋಶದ ಪೊರೆಯನ್ನು ಸುಲಭವಾಗಿ ದಾಟುವ ಮುಕ್ತ ಅಮೋನಿಯ. ಸಮುದ್ರದ ನೀರಿನಲ್ಲಿ ಪಿಎಚ್ 7.6 ಇದ್ದಾಗ ಮುಕ್ತ ರೂಪದ ಪಾಲು ಶೇಕಡಾ 2ಕ್ಕಿಂತ ಕಡಿಮೆ. 8.2ರಲ್ಲಿ ಅದು ಶೇಕಡಾ 6ನ್ನು ದಾಟುತ್ತದೆ. ಗಾಳಿಯಾಡಿಸಿದಂತೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರುತ್ತದೆ. ಒಟ್ಟು ಅಮೋನಿಯ ಒಂದಿಷ್ಟೂ ಹೆಚ್ಚದೆ ಅದರ ವಿಷ ಮಾತ್ರ ಮೂರು-ನಾಲ್ಕು ಪಟ್ಟಾಗುತ್ತದೆ!

ಹಾಗೆಂದು ಗಾಳಿಯನ್ನು ತಡೆಯುವಂತಿಲ್ಲ. ಆಕ್ಸಿಜನ್ ಇಲ್ಲದೆ ಜೀವಿಗಳು ಹೆಚ್ಚು ಹೊತ್ತು ಬದುಕಲಾರವು. ಆದ್ದರಿಂದ ಅಮೋನಿಯವನ್ನು ಅದೇ ಹೊತ್ತಿನಲ್ಲಿ ತೆಗೆಯಬೇಕು. ಕೊಳೆತ ಮೀನನ್ನು ಹುಡುಕಿ ತೆಗೆಯುವುದು, ನೀರನ್ನು ಭಾಗಶಃ ಬದಲಿಸುವುದು, ಬೇಕಿದ್ದರೆ ಅಮೋನಿಯವನ್ನು ಬಂಧಿಸುವ ದ್ರಾವಣ ಬಳಸುವುದು ಇದಕ್ಕೆ ದಾರಿ. ಪಿಎಚ್ ಕಡಿಮೆಯಿದೆಯೆಂದು ಕ್ಷಾರವನ್ನು ಸುರಿಯುವುದು ಮಾತ್ರ ಸಲ್ಲದು. ಅಮೋನಿಯ ಅಳೆಯದೆ ಪಿಎಚ್ ಏರಿಸಬಾರದು ಎಂಬುದು ನೆನಪಿಡಬೇಕಾದ ಸೂತ್ರ.

ನೀರು ಬದಲಿಸುವ ಲೆಕ್ಕ

ಒಮ್ಮೆಲೇ ಎಲ್ಲ ನೀರನ್ನೂ ಬದಲಿಸಿದರೆ ಆಗದೆ? ಲೆಕ್ಕ ಹಾಕಿ ನೋಡೋಣ. ಪ್ರತಿಸಲ ಶೇಕಡಾ 20ರಷ್ಟು ನೀರು ಬದಲಿಸಿದರೆ ಕೊಳೆಯ 0.8 ಪಾಲು ಉಳಿಯುತ್ತದೆ. ಮೂರು ಸಲ ಮಾಡಿದರೆ ಉಳಿಯುವುದು 0.8ರ ಘನ, ಅಂದರೆ ಸುಮಾರು 0.51. ಒಂದೇ ಸಲ ಅರ್ಧ ತೊಟ್ಟಿ ಬದಲಿಸಿದಾಗಲೂ ಉಳಿಯುವುದು 0.5. ಫಲ ಹೆಚ್ಚುಕಡಿಮೆ ಒಂದೇ. ಆದರೆ ಮೊದಲ ವಿಧಾನದಲ್ಲಿ 240 ಲೀಟರ್ ಹೊಸ ನೀರು ಬೇಕು, ಎರಡನೆಯದರಲ್ಲಿ 200 ಲೀಟರ್ ಸಾಕು. ಈ 40 ಲೀಟರ್ ಹೆಚ್ಚುವರಿ ವೆಚ್ಚಕ್ಕೆ ಪ್ರತಿಯಾಗಿ ಸಿಗುವುದು ನಿಧಾನ. ಹೊಸ ನೀರಿನ ಲವಣಾಂಶ, ಉಷ್ಣತೆ, ಕ್ಷಾರೀಯತೆ ಹಳೆಯದಕ್ಕಿಂತ ಬೇರೆಯಾಗಿದ್ದರೆ, ಆ ಬದಲಾವಣೆ ಹವಳಕ್ಕೆ ಮೂರು ಕಂತುಗಳಲ್ಲಿ ತಗಲುತ್ತದೆ. ಅಮೋನಿಯ ಅಪಾಯದ ಮಟ್ಟದಲ್ಲಿದ್ದರೆ ಅರ್ಧ ನೀರನ್ನು ಒಮ್ಮೆಗೇ ಬದಲಿಸುವುದು ಸರಿ. ನೈಟ್ರೇಟ್ ಹೆಚ್ಚಿದ್ದಂಥ ನಿಧಾನದ ತೊಂದರೆಗೆ ಕಂತುಗಳೇ ಲೇಸು.

ಹೊಸ ನೀರನ್ನು ಶುದ್ಧೀಕರಿಸಿದ ನೀರಿಗೆ ಸಮುದ್ರಲವಣ ಬೆರೆಸಿ, ಲವಣ ಪೂರ್ತಿ ಕರಗುವ ತನಕ ಕಲಕಿ, ತೊಟ್ಟಿಯ ಉಷ್ಣತೆಗೆ ತಂದ ಮೇಲೆಯೇ ಸುರಿಯಬೇಕು. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಹಾಗೂ ಕೊಳವೆಗಳಿಂದ ಬರುವ ತಾಮ್ರ ಹವಳಕ್ಕೆ ವಿಷ.

ಬೆಳಕು: ಕಡಿಮೆಯೇ ಕ್ಷೇಮ

ನೀರು ಸರಿಹೋಗುತ್ತಿದ್ದಂತೆ ಹವಳಕ್ಕೆ ಹೆಚ್ಚು ಬೆಳಕು ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ ಎನ್ನಿಸುವುದು ಸಹಜ. ಆದರೆ ಭೌತವಿಜ್ಞಾನ ಬೇರೆಯೇ ಹೇಳುತ್ತದೆ. ಬಿಳಿಯ ಸುಣ್ಣದ ಅಸ್ಥಿಪಂಜರ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಶೈವಲ ದಟ್ಟವಾಗಿದ್ದಾಗ ಅವು ಒಂದಕ್ಕೊಂದು ನೆರಳಾಗಿರುತ್ತವೆ. ವಿರಳವಾದಾಗ, ಉಳಿದ ಪ್ರತಿಯೊಂದು ಶೈವಲಕ್ಕೂ ಮೇಲಿನಿಂದ ಬರುವ ಬೆಳಕಲ್ಲದೆ ಅಸ್ಥಿಪಂಜರದಿಂದ ಚದುರಿ ಬರುವ ಬೆಳಕೂ ಬೀಳುತ್ತದೆ. ಹೊರಗಿನ ದೀಪ ಬದಲಾಗದಿದ್ದರೂ ಒಳಗಿನ ಶೈವಲದ ಪಾಲಿಗೆ ಬೆಳಕು ಹೆಚ್ಚಿದಂತಾಗುತ್ತದೆ. ಹೆಚ್ಚಿದ ಬೆಳಕು ಇನ್ನಷ್ಟು ಶೈವಲವನ್ನು ಹೊರಗಟ್ಟುತ್ತದೆ. ಇದೊಂದು ವಿಷವರ್ತುಲ.

ಇನ್ನೊಂದು ಸೂಕ್ಷ್ಮವಿದೆ. ಕೊಳೆತ ಪದಾರ್ಥಗಳಿಂದ ಹಳದಿಗಟ್ಟಿದ ನೀರು ನೀಲಿ ಬೆಳಕನ್ನು ಹೀರುತ್ತದೆ. ಸಕ್ರಿಯ ಇಂಗಾಲ ಹಾಕಿ ನೀರನ್ನು ತಿಳಿಗೊಳಿಸಿದ ದಿನವೇ ಹವಳದ ಮೇಲೆ ಬೀಳುವ ನೀಲಿ ಬೆಳಕು ಒಮ್ಮೆಗೇ ಏರುತ್ತದೆ. ಆದ್ದರಿಂದ ಇಂಗಾಲ ಹಾಕುವ ಮುನ್ನ ದೀಪದ ತೀವ್ರತೆಯನ್ನು ಅರ್ಧಕ್ಕೆ ಇಳಿಸಿ, ಮೂರು-ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಏರಿಸುವುದು ಸುರಕ್ಷಿತ. ಪೂರ್ತಿ ಕತ್ತಲೂ ಬೇಡ. ಉಳಿದ ಶೈವಲಗಳೇ ಮುಂದಿನ ಬೆಳೆಯ ಬೀಜ.

ಹರಿವು ಏಕೆ ಬೇಕು?

ಹವಳದ ಮೈಗೆ ಅಂಟಿಕೊಂಡಂತೆ ಬಹುಮಟ್ಟಿಗೆ ನಿಶ್ಚಲವಾದ ನೀರಿನ ತೆಳು ಪದರವೊಂದಿರುತ್ತದೆ. ಇದನ್ನು ಆಕ್ಸಿಜನ್ ದಾಟುವುದು ವಿಸರಣೆಯಿಂದ ಮಾತ್ರ. ವಿಸರಣೆಗೆ ಹಿಡಿಯುವ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆಕ್ಸಿಜನ್ನಿನ ವಿಸರಣಾಂಕ ಸೆಕೆಂಡಿಗೆ ಸುಮಾರು 0.002 ಚದರ ಮಿಲಿಮೀಟರ್. ಪದರ 1 ಮಿಲಿಮೀಟರ್ ದಪ್ಪವಿದ್ದರೆ ದಾಟಲು 250 ಸೆಕೆಂಡ್ ಬೇಕು, 0.2 ಮಿಲಿಮೀಟರಿಗೆ ಇಳಿದರೆ 10 ಸೆಕೆಂಡ್ ಸಾಕು. ಹರಿವು ಹೆಚ್ಚಿದಷ್ಟೂ ಪದರ ತೆಳುವಾಗುತ್ತದೆ. ಬಳಲಿದ ಹವಳಕ್ಕೆ ದಿಕ್ಕು ಬದಲಿಸುತ್ತಿರುವ ಹದವಾದ ಹರಿವು ಬೇಕು. ಪಂಪಿನ ಧಾರೆ ನೇರವಾಗಿ ಬಡಿದರೆ ಸಡಿಲವಾದ ಅಂಗಾಂಶ ಹರಿದು ಹೋಗುತ್ತದೆ.

ದೊಡ್ಡ ತೊಟ್ಟಿಯೊಂದರ ಪಾಠ

ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್-2 ಎಂಬ ಗಾಜಿನ ಮುಚ್ಚಿದ ಕಟ್ಟಡವಿದೆ. 1991ರ ಸೆಪ್ಟೆಂಬರಿನಿಂದ 1993ರ ಸೆಪ್ಟೆಂಬರಿನವರೆಗೆ 8 ಜನ ಅದರೊಳಗೆ ವಾಸಿಸಿದರು. ಅಲ್ಲಿ ಸುಮಾರು 26 ಲಕ್ಷ ಲೀಟರ್ ನೀರಿನ ಪುಟ್ಟ 'ಸಾಗರ'ವಿತ್ತು, ಅದರಲ್ಲಿ ಹವಳಗಳಿದ್ದವು. ಮಣ್ಣಿನ ಸೂಕ್ಷ್ಮಜೀವಿಗಳ ಉಸಿರಾಟದಿಂದ ಕಟ್ಟಡದೊಳಗೆ ಇಂಗಾಲದ ಡೈಆಕ್ಸೈಡ್ ಏರಿ ನೀರಿನಲ್ಲಿ ಕರಗಿತು, ಪಿಎಚ್ ಇಳಿಯಿತು. ಕಿಟಕಿ ತೆರೆಯುವಂತಿರಲಿಲ್ಲ. ಸಾಗರದ ಹೊಣೆ ಹೊತ್ತಿದ್ದ ಅಬಿಗೇಲ್ ಆಲಿಂಗ್ ಸೋಡಿಯಂ ಬೈಕಾರ್ಬೊನೇಟ್ ಹಾಗೂ ಕಾರ್ಬೊನೇಟ್ ಸೇರಿಸಿ ನೀರನ್ನು ಸಂಭಾಳಿಸಬೇಕಾಯಿತು. ಮುಂದೆ ಅದೇ ಸಾಗರದಲ್ಲಿ ಪ್ರಯೋಗ ನಡೆಸಿದ ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು, ಹವಳ ಸಮುದಾಯ ಸುಣ್ಣ ಕಟ್ಟುವ ವೇಗ ನೀರಿನ ಕ್ಯಾಲ್ಸಿಯಂ ಕಾರ್ಬೊನೇಟ್ ಸಂತೃಪ್ತತೆಯನ್ನು ಅವಲಂಬಿಸಿದೆ ಎಂದು 2000ದಲ್ಲಿ ಪ್ರಕಟಿಸಿದರು.

ಮನೆಯ ತೊಟ್ಟಿಗೆ ಇದರ ಪಾಠವೇನು? ಪಿಎಚ್ ಕಡಿಮೆ ಇದ್ದರೆ ಮೊದಲು ಕಾರಣ ತಿಳಿಯಬೇಕು. ಒಂದು ಲೋಟ ತೊಟ್ಟಿಯ ನೀರನ್ನು ಬಯಲಿಗೆ ಒಯ್ದು ಒಂದು ಗಂಟೆ ಗಾಳಿಯ ಗುಳ್ಳೆ ಹಾಯಿಸಿ. ಪಿಎಚ್ ಏರಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿದೆ ಎಂದರ್ಥ. ಆಗ ಕೋಣೆಯ ಕಿಟಕಿ ತೆರೆಯುವುದೇ ಮದ್ದು. ಏರದಿದ್ದರೆ ಕ್ಷಾರೀಯತೆ ಅಳೆಯಿರಿ. ಸಮುದ್ರದಲ್ಲಿ ಅದು ಲೀಟರಿಗೆ ಸುಮಾರು 2.3 ಮಿಲಿಸಮಾನಾಂಕ, ಕ್ಯಾಲ್ಸಿಯಂ ಸುಮಾರು 410 ಮಿಲಿಗ್ರಾಂ. ಕೊರತೆಯನ್ನು ದಿನಕ್ಕೆ ಅರ್ಧ ಮಿಲಿಸಮಾನಾಂಕ ಮೀರದಂತೆ ತುಂಬಬೇಕು. ಒಮ್ಮೆಗೇ ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯ ಪುಡಿಯಾಗಿ ಒತ್ತರಿಸಿ, ಎರಡೂ ಇಳಿದುಹೋಗುತ್ತವೆ.

ಹಸಿದ ರೋಗಿಗೆ ಊಟ

ಶೈವಲ ಕಳೆದುಕೊಂಡ ಹವಳ ಹಸಿದಿರುತ್ತದೆ. 2006ರಲ್ಲಿ ಆಂಡ್ರಿಯಾ ಗ್ರೊಟೋಲಿ ಮತ್ತು ಸಂಗಡಿಗರು ಹವಾಯಿಯ ಮಾಂಟಿಪೊರ ಕ್ಯಾಪಿಟೇಟ ಎಂಬ ಹವಳ, ಬಿಳಿಚಿದಾಗ ಪ್ಲವಕ ಜೀವಿಗಳನ್ನು ಹೆಚ್ಚಾಗಿ ತಿಂದು ತನ್ನ ದಿನದ ಶಕ್ತಿಯ ಅಗತ್ಯವನ್ನು ಪೂರೈಸಿಕೊಳ್ಳಬಲ್ಲದೆಂದು ತೋರಿಸಿದರು. ಎಲ್ಲ ಪ್ರಭೇದಗಳಿಗೂ ಈ ಸಾಮರ್ಥ್ಯವಿಲ್ಲ. ಪಾಲಿಪ್‌ಗಳು ಮತ್ತೆ ಕೈಚಾಚಿದ ಮೇಲೆ, ರಾತ್ರಿ ಹೊತ್ತು, ಸಣ್ಣ ಪ್ರಮಾಣದಲ್ಲಿ ಆಹಾರ ಕೊಡಬಹುದು. ಮುದುಡಿರುವಾಗ ಹಾಕಿದ ಆಹಾರ ಕೊಳೆತು ಮತ್ತೆ ಅಮೋನಿಯವಾಗುತ್ತದೆ.

ನೀರು ಅತಿ ಶುದ್ಧವಾದರೂ ತೊಂದರೆಯೇ. ಸಾರಜನಕ ಹೆಚ್ಚಾಗಿದ್ದು ಫಾಸ್ಫೇಟ್ ತೀರಾ ಕಡಿಮೆಯಾದರೆ ಹವಳ ಬಿಳಿಚುವ ಸಾಧ್ಯತೆ ಹೆಚ್ಚುತ್ತದೆಂದು 2013ರಲ್ಲಿ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು ತಿಳಿಸಿದ್ದಾರೆ. ಫಾಸ್ಫೇಟನ್ನು ಸೊನ್ನೆಗೆ ಇಳಿಸುವುದು ಶುಚಿತ್ವವಲ್ಲ, ಉಪವಾಸ.

ತರಗತಿಯಲ್ಲಿ ಏನು ಮಾಡಬಹುದು?

ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆ ಇದೆ. ಅವುಗಳನ್ನು 2001ರಲ್ಲಿ ಅದಕ್ಕೆ ಸೇರಿಸಲಾಯಿತು. ಸಮುದ್ರದಿಂದ ಹವಳ ಕಿತ್ತು ತರುವುದು ಅಪರಾಧ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳವನ್ನು ನೀರೊಳಗೇ ನೋಡಿ ಸಂತೋಷಪಡಬೇಕು. ಆದರೆ ಮೇಲಿನ ತತ್ತ್ವಗಳನ್ನು ಹವಳವಿಲ್ಲದೆಯೂ ಕಲಿಸಬಹುದು. ಬಣ್ಣದ ನೀರನ್ನು ಐದರಲ್ಲೊಂದು ಪಾಲಿನಂತೆ ಮೂರು ಸಲ ಬದಲಿಸಿ, ಒಂದೇ ಸಲ ಅರ್ಧ ಬದಲಿಸಿದ್ದರೊಡನೆ ಹೋಲಿಸಿ. ಸೋಡಾ ನೀರಿನ ಪಿಎಚ್ ಅಳೆದು, ಚೆನ್ನಾಗಿ ಕಲಕಿ, ಮತ್ತೆ ಅಳೆಯಿರಿ. ನಿಂತ ನೀರಿನಲ್ಲೂ ಕಲಕುವ ನೀರಿನಲ್ಲೂ ಒಂದೊಂದು ತೊಟ್ಟು ಶಾಯಿ ಹರಡುವುದನ್ನು ಗಮನಿಸಿ. ಶಾಲೆಯ ಸಿಹಿನೀರಿನ ಮೀನು ತೊಟ್ಟಿಗೂ ಈ ಪಾಠಗಳು ಅನ್ವಯಿಸುತ್ತವೆ.

ತೊಟ್ಟಿಯ ಹವಳಕ್ಕೆ ನೀರು ಬದಲಿಸಬಹುದು, ದೀಪ ತಗ್ಗಿಸಬಹುದು, ಕಿಟಕಿ ತೆರೆಯಬಹುದು. ಹೀಗೆ ಆರೈಕೆ ಮಾಡಿದರೂ ಬಣ್ಣ ಮರಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಲಕ್ಷದ್ವೀಪದ ಹವಳಗಳು 1998, 2010, 2016 ಹಾಗೂ 2024ರಲ್ಲಿ ಸಾಮೂಹಿಕವಾಗಿ ಬಿಳಿಚಿದವು. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ನಡುವೆ ಸಿಗುವ ಬಿಡುವೇ ಅವುಗಳಿಗಿರುವ ಚಿಕಿತ್ಸೆ. ಸಾಗರದ ನೀರನ್ನು ಬದಲಿಸಲು ಬೇರೆ ಸಾಗರವಿಲ್ಲ. ಅದನ್ನು ಬಿಸಿಮಾಡುವುದನ್ನು ನಿಲ್ಲಿಸುವುದೊಂದೇ ನಮ್ಮ ಕೈಯಲ್ಲಿದೆ.