ಇಂಜಿನಿಗೆ ಗವಾಕ್ಷವು ಬೇಕೆ?

ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ವೈಶಾಖದ ಬಿಸಿಲಲ್ಲಿ ಕಾರು ನಡೆಸುವವರಿಗೆ ಇಂಜಿನು ಕಾಯುವ ಭಯವಿರುವದು ಸಹಜವೇ. ಬಾನೆಟ್ಟಿಗೆ ಗವಾಕ್ಷವನ್ನು ಕೊರೆಯಿಸಿ, ಮೂಲದ ಪೆಟ್ಟಿಗೆಯ ಬದಲು ತೆರೆದ ಫಿಲ್ಟರನ್ನು ಕೂಡ್ರಿಸಿದರೆ ವಾಹನದ ಬಲವು ಹೆಚ್ಚುವದೆಂದು ಹೇಳುವವರುಂಟು. ಇದನ್ನು ವಿಚಾರಿಸಿ ನೋಡುವದು ಯುಕ್ತ.

ಇಂಜಿನಿಗೆ ಗಾಳಿಯು ಎರಡು ಕಾರ್ಯಗಳಿಗೆ ಬೇಕು: ಇಂಧನದ ದಹನಕ್ಕೆ, ಉಷ್ಣದ ನಿವಾರಣಕ್ಕೆ. ದಹನಕ್ಕೆ ತಂಪುಗಾಳಿಯೇ ಲೇಸು. 40 ಡಿಗ್ರಿಯ ಗಾಳಿಯು 60 ಡಿಗ್ರಿಗೆ ಏರಿದರೆ ಅದರ ಸಾಂದ್ರತೆಯು ನೂರಕ್ಕೆ 6ರಷ್ಟು ಕುಗ್ಗುವದು. ತೆರೆದ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಹೀರಿದರೆ ಸದ್ದು ಹೆಚ್ಚೀತು, ಬಲವು ಹೆಚ್ಚದು.

ಇನ್ನು ಗವಾಕ್ಷದ ಮಾತು. ಅಡಿಗೆಮನೆಯ ಕಿಂಡಿಯು ಗಾಳಿಗೆ ಎದುರಾಗಿದ್ದರೆ ಹೊಗೆಯು ಒಳಕ್ಕೇ ಮರಳುವದನ್ನು ಗೃಹಿಣಿಯರು ಬಲ್ಲರು. ಓಡುವ ಕಾರಿನ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡವು ಅಧಿಕ. ಅಲ್ಲಿ ಕೊರೆದ ರಂಧ್ರದಿಂದ ಗಾಳಿಯು ಒಳನುಗ್ಗಿ, ರೇಡಿಯೇಟರಿನ ಮೂಲಕ ಬರುವ ಪ್ರವಾಹವನ್ನೇ ತಡೆದೀತು. ರೇಡಿಯೇಟರಿನ ಹಿಂದೆ, ಒತ್ತಡವು ಕಡಿಮೆಯಿದ್ದ ಎಡೆಯಲ್ಲಿ ಕೊರೆದರೆ ಉಷ್ಣವು ಹೊರಹೋಗುವದು ನಿಜ. ಪಂದ್ಯದ ಕಾರುಗಳಿಗೆ ಅದರಿಂದ ಪ್ರಯೋಜನವುಂಟು. ಮನೆಯ ಕಾರಿನಲ್ಲಾದರೋ, ಥರ್ಮೋಸ್ಟಾಟು ಇಂಜಿನಿನ ನೀರನ್ನು ಸುಮಾರು 90 ಡಿಗ್ರಿಯಲ್ಲಿಯೇ ಕಾಯ್ದಿಡುವದು. ಅದಕ್ಕಿಂತ ತಂಪುಮಾಡಿ ಪಡೆಯುವ ಲಾಭವಿಲ್ಲ.

ಆದುದರಿಂದ ಕಾರು ಅತಿಯಾಗಿ ಕಾಯುತ್ತಿದ್ದರೆ ಮೊದಲು ರೇಡಿಯೇಟರಿಗೆ ಮೆತ್ತಿದ ಧೂಳನ್ನು ತೆಗೆಯಿಸಿರಿ. ಫ್ಯಾನು, ನೀರಿನ ಮಟ್ಟ, ಫಿಲ್ಟರುಗಳನ್ನು ಪರೀಕ್ಷಿಸಿರಿ. ಅಲ್ಪವ್ಯಯದಲ್ಲಿ ತೀರುವ ದೋಷಕ್ಕಾಗಿ ಬಾನೆಟ್ಟನ್ನು ಕೊಯ್ಯಿಸುವದು ಬುದ್ಧಿವಂತರ ಲಕ್ಷಣವಲ್ಲ.