ಯಾಜಕನ ಸಬ್ಬತ್: ವಿಶ್ರಾಂತಿಯ ಕುರಿತು ಒಂದು ವಿವೇಚನೆ

ಭಾನುವಾರವು ಭಕ್ತಾದಿಗಳಿಗೆ ವಿಶ್ರಾಂತಿಯ ದಿನ. ಯಾಜಕನಿಗಾದರೋ ವಾರದಲ್ಲೇ ಹೆಚ್ಚು ದುಡಿಮೆಯ ದಿನ. ಯಾಜಕರ ಕೊರತೆಯಿದ್ದು ಪಾಲನಾ ಅಗತ್ಯವು ಒತ್ತಾಯಿಸುವಲ್ಲಿ, ಒಬ್ಬನೇ ಯಾಜಕನು ಭಾನುವಾರ ಮೂರು ಬಲಿಪೂಜೆಗಳನ್ನು ಅರ್ಪಿಸಲು ಧರ್ಮಾಧ್ಯಕ್ಷರು ಅನುಮತಿ ನೀಡಬಹುದೆಂದು ಧರ್ಮಸಭೆಯ ಕಾನೂನು ಸಂಹಿತೆಯ 905ನೆಯ ವಿಧಿಯು ಹೇಳುತ್ತದೆ. ಹಾಗಾದರೆ ಸಬ್ಬತ್ತಿನ ಆಜ್ಞೆಯು ಯಾಜಕನಿಗೆ ಅನ್ವಯಿಸುವುದಿಲ್ಲವೇ? ದೇವಾಲಯದ ಸೇವೆಯಲ್ಲಿರುವ ಯಾಜಕರು ಸಬ್ಬತ್ತನ್ನು ಮೀರಿದರೂ ನಿರ್ದೋಷಿಗಳೆಂದು ಯೇಸುಸ್ವಾಮಿಯೇ ತಿಳಿಸಿದ್ದಾರೆ (ಮತ್ತಾಯ 12:5). ಆದರೆ ಈ ಮಾತು ಯಾಜಕನನ್ನು ಆ ದಿನದ ನಿರ್ಬಂಧದಿಂದ ಬಿಡಿಸುತ್ತದೆಯೇ ಹೊರತು ವಿಶ್ರಾಂತಿಯ ಅಗತ್ಯದಿಂದಲ್ಲ. ಅವನು ಮತ್ತೊಂದು ದಿನವನ್ನು ಕಂಡುಕೊಳ್ಳಬೇಕು.

ಈ ಅಗತ್ಯದ ಆಳವನ್ನು ತಿಳಿಯಲು ಹೀಬ್ರೂ ಮೂಲದ ಒಂದು ಕ್ರಿಯಾಪದ ನೆರವಾಗುತ್ತದೆ. ‘ನೇಫೆಷ್’ ಎಂದರೆ ಕಂಠ, ಉಸಿರು, ಪ್ರಾಣ. ಅದೇ ಧಾತುವಿನ ಕ್ರಿಯಾಪದಕ್ಕೆ ‘ಉಸಿರು ತಂದುಕೊಳ್ಳುವುದು’, ‘ದಣಿವಾರಿಸಿಕೊಳ್ಳುವುದು’ ಎಂಬ ಅರ್ಥವಿದೆ. ಉಸಿರಾಡಲೂ ಪುರುಸೊತ್ತಿಲ್ಲ ಎಂದು ನಾವು ಹೇಳುವಾಗ ನಮ್ಮಲ್ಲಿ ಇಲ್ಲವಾಗಿರುವುದು ಇದೇ. ಹೀಬ್ರೂ ಪವಿತ್ರಗ್ರಂಥದಲ್ಲಿ ಈ ಕ್ರಿಯಾಪದವು ಬರುವುದು ಮೂರೇ ಕಡೆ.

ಮೊದಲನೆಯದು ವಿಮೋಚನಾಕಾಂಡ 23:12. ಅಲ್ಲಿ ಉಸಿರು ತಂದುಕೊಳ್ಳುವವರು ದಾಸಿಯ ಮಗ ಮತ್ತು ಪರದೇಶಿ. ಎರಡನೆಯದು ಅದೇ ಗ್ರಂಥದ 31:17. ಅಲ್ಲಿ ಆರು ದಿನಗಳ ಸೃಷ್ಟಿಕಾರ್ಯದ ನಂತರ ಉಸಿರು ತಂದುಕೊಳ್ಳುವವರು ಸ್ವತಃ ದೇವರು. ಮೂರನೆಯದು 2 ಸಮುವೇಲ 16:14. ಸ್ವಂತ ಮಗನಾದ ಅಬ್ಷಾಲೋಮನಿಗೆ ಹೆದರಿ ಓಡುತ್ತ, ದಾರಿಯಲ್ಲಿ ಶಿಮ್ಮಿಯ ಶಾಪಕ್ಕೂ ಕಲ್ಲೇಟಿಗೂ ಗುರಿಯಾದ ದಾವೀದನು ಅಲ್ಲಿ ದಣಿವಾರಿಸಿಕೊಳ್ಳುತ್ತಾನೆ. ಅತ್ಯಂತ ಕೆಳಗಿನ ಆಳು, ಸೃಷ್ಟಿಕರ್ತ, ಸಂಕಟದ ನಡುವಿನ ನಾಯಕ: ಮೂವರಿಗೂ ಪದ ಒಂದೇ. ದಾವೀದನ ಸಮಸ್ಯೆ ಇನ್ನೂ ಬಗೆಹರಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆಲಸವೆಲ್ಲ ಮುಗಿದ ಮೇಲೆ ವಿಶ್ರಮಿಸುವೆನೆಂದು ಕಾಯುವವನಿಗೆ ವಿಶ್ರಾಂತಿಯು ಎಂದಿಗೂ ದೊರೆಯದು.

ಇದಕ್ಕೆ ಎದುರಾಗಿ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ಉಲ್ಲೇಖಿಸುವವರುಂಟು. ಊಟಕ್ಕೂ ಸಮಯವಿಲ್ಲದ ಪ್ರೇಷಿತರನ್ನು ಯೇಸುಸ್ವಾಮಿ ಏಕಾಂತ ಸ್ಥಳಕ್ಕೆ ಕರೆದೊಯ್ಯುತ್ತಾರೆ. ಜನರು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಾರೆ. ಯೇಸುಸ್ವಾಮಿ ಕನಿಕರಪಟ್ಟು ಬೋಧಿಸುತ್ತಾರೆ, ಉಣಬಡಿಸುತ್ತಾರೆ. ಕುರಿಗಾಹಿಗೆ ವಿಶ್ರಾಂತಿಯಿಲ್ಲವೆಂಬುದಕ್ಕೆ ಇದೇ ನಿದರ್ಶನವೆಂದು ಅನೇಕರು ಭಾವಿಸುತ್ತಾರೆ. ಆದರೆ ವಾಚನವನ್ನು ಅಲ್ಲಿಗೇ ನಿಲ್ಲಿಸಬಾರದು. ಊಟವಾದ ಕೂಡಲೇ ಯೇಸುಸ್ವಾಮಿ ಶಿಷ್ಯರನ್ನು ದೋಣಿ ಹತ್ತಿಸಿ, ಜನರನ್ನು ತಾವೇ ಬೀಳ್ಕೊಟ್ಟು, ಪ್ರಾರ್ಥಿಸಲು ಬೆಟ್ಟಕ್ಕೆ ಹೋಗುತ್ತಾರೆ (6:45-46). ಕನಿಕರದಿಂದಾಗಿ ಏಕಾಂತವು ಮುಂದೆ ಹೋಯಿತು, ರದ್ದಾಗಲಿಲ್ಲ. ರೋಗಿಯ ಕರೆಯು ಯಾಜಕನ ಬಿಡುವಿನ ದಿನವನ್ನು ಮುರಿಯಬಹುದು, ಮುರಿಯಲೇಬೇಕು. ಮುರಿದದ್ದನ್ನು ಅದೇ ವಾರದಲ್ಲಿ ಮರಳಿ ಪಡೆಯುವುದೂ ಗುರುವಿನ ಮಾದರಿಯೇ.

ಧರ್ಮಸಭೆಯ ಕಾನೂನು ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಕಾಣಿಸುತ್ತದೆ. 533ನೆಯ ವಿಧಿಯು ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಗರಿಷ್ಠ ಒಂದು ತಿಂಗಳ ರಜೆಯನ್ನು ನೀಡಿ, ವಾರ್ಷಿಕ ಧ್ಯಾನಕೂಟದ ದಿನಗಳನ್ನು ಆ ಲೆಕ್ಕಕ್ಕೆ ಸೇರಿಸಬಾರದೆನ್ನುತ್ತದೆ. 276ನೆಯ ವಿಧಿಯ ಪ್ರಕಾರ ಧ್ಯಾನಕೂಟವು ಕರ್ತವ್ಯ. 283ನೆಯ ವಿಧಿಯ ಪ್ರಕಾರ ರಜೆಯು ಹಕ್ಕು. ಎರಡೂ ಬೇರೆ ಬೇರೆ. ರಜೆಯು ದೇಹಮನಸ್ಸುಗಳನ್ನು ಸಂತೈಸುತ್ತದೆ. ಧ್ಯಾನಕೂಟವು ನಮ್ಮನ್ನು ದೈವವಾಕ್ಯದ ಮುಂದೆ ನಿಲ್ಲಿಸುತ್ತದೆ. ಇವುಗಳನ್ನು ಬೆರೆಸಿದರೆ ಎರಡಕ್ಕೂ ನಷ್ಟ. ವರ್ಷವಿಡೀ ದಣಿದು ಬಂದವನಿಗೆ ಧ್ಯಾನಕೂಟದ ಮೌನವು ನಿದ್ರೆಯಲ್ಲೇ ಕಳೆಯುತ್ತದೆ. ಭಕ್ತರನ್ನು ಯಾತ್ರೆಗೆ ಕರೆದೊಯ್ದವನು ಅದನ್ನೇ ತನ್ನ ರಜೆಯೆಂದೂ ಧ್ಯಾನವೆಂದೂ ಎಣಿಸತೊಡಗುತ್ತಾನೆ. ವಾರದ ವಿಶ್ರಾಂತಿಯ ಕೊರತೆಯನ್ನಂತೂ ಇವೆರಡೂ ತುಂಬಲಾರವು. ಆಜ್ಞೆಯ ಲಯವು ಏಳು ದಿನಗಳದ್ದು.

ಇದು ಯಾಜಕನ ಸ್ವಂತ ಕ್ಷೇಮದ ವಿಷಯ ಮಾತ್ರವಲ್ಲ. ಧರ್ಮೋಪದೇಶಕಾಂಡ 5:14-15 ಸಬ್ಬತ್ತಿಗೆ ಕೊಡುವ ಕಾರಣ ಈಜಿಪ್ಟಿನ ದಾಸತ್ವದ ನೆನಪು. ನಿನ್ನಂತೆ ನಿನ್ನ ಆಳುಗಳೂ ವಿಶ್ರಮಿಸಬೇಕೆಂಬುದೇ ಅದರ ಗುರಿ. ಬಿಡುವು ಕೇಳಿದ ಇಸ್ರಯೇಲರನ್ನು ಸೋಮಾರಿಗಳೆಂದು ಜರೆದವನು ಫರೋಹ (ವಿಮೋಚನಾಕಾಂಡ 5:8). ಗುರುನಿವಾಸದ ಅಡುಗೆಯವರಿಗೆ, ದೇವಾಲಯದ ಬಾಗಿಲು ತೆರೆದು ಗಂಟೆ ಬಾರಿಸುವವರಿಗೆ, ಉಪದೇಶಿಗಳಿಗೆ ವಾರದಲ್ಲಿ ಯಾವ ದಿನ ಬಿಡುವು? ಅವರೂ ಭಾನುವಾರ ದುಡಿಯುವವರೇ. ತಾನು ವಿಶ್ರಮಿಸದ ಗುರು ಇವರ ದಣಿವನ್ನು ಗುರುತಿಸುವುದು ವಿರಳ. ತನ್ನ ಅವಿಶ್ರಾಂತ ದುಡಿಮೆಯನ್ನು ಅವನು ತ್ಯಾಗವೆಂದು ತಿಳಿದಿರುತ್ತಾನೆ, ಅದರ ಬೆಲೆ ತೆರುವವರು ಇವರು.

ಆದುದರಿಂದ ವಾರದ ಒಂದು ದಿನವನ್ನು, ಅದು ಸೋಮವಾರವಾಗಲಿ ಬೇರೆಯಾಗಲಿ, ಪಾಲನಾ ಸಮಿತಿಗೆ ತಿಳಿಸಿ ನಿಗದಿಪಡಿಸುವುದು ಒಳಿತು. ಆ ದಿನ ತುರ್ತು ಕರೆಗೆ ನೆರೆಯ ಧರ್ಮಕೇಂದ್ರದ ಗುರುಗಳೊಡನೆ ಪರಸ್ಪರ ಏರ್ಪಾಡು ಇರಲಿ. ಬಲಿಪೂಜೆ ಮತ್ತು ಪ್ರಹರ ಪ್ರಾರ್ಥನೆಗಳು ಅಂದೂ ನಡೆಯಲಿ, ಆದರೆ ಅವಸರವಿಲ್ಲದೆ. ಗುರುನಿವಾಸದ ಸಿಬ್ಬಂದಿಯ ಬಿಡುವಿನ ದಿನವೂ ಅದೇ ಪಟ್ಟಿಯಲ್ಲಿ ಬರೆದಿರಲಿ. ಗುರುಮಠದಲ್ಲಿ ಏಳುವ, ಪ್ರಾರ್ಥಿಸುವ, ಆಡುವ, ಮಲಗುವ ಹೊತ್ತನ್ನು ಗಂಟೆಯೇ ತಿಳಿಸುತ್ತದೆ. ದೀಕ್ಷೆಯ ನಂತರ ಆ ಗಂಟೆಯನ್ನು ಬಾರಿಸುವವರು ಯಾರೂ ಇರುವುದಿಲ್ಲ. ಗುರುವಿದ್ಯಾರ್ಥಿಗಳು ಈ ಶಿಸ್ತನ್ನು ಈಗಲೇ ತಮ್ಮದಾಗಿಸಿಕೊಳ್ಳಬೇಕು.