ವಕೀಲರಿಲ್ಲದೆ ಕೋರ್ಟಿಗೆ: ವಾಪಸಾದ ಒಂದು ಚೆಕ್ಕಿನ ದಾರಿ

ಬಾಣಾವರದ ಕಡೆಯ ರೈತರೊಬ್ಬರು ತಿಪಟೂರಿನ ವ್ಯಾಪಾರಿಗೆ ಉಂಡೆ ಕೊಬ್ಬರಿ ಹಾಕಿದರು ಅಂದುಕೊಳ್ಳಿ. ದುಡ್ಡಿನ ಬದಲು ಕೈಗೆ ಬಂದದ್ದು 1,80,000 ರೂಪಾಯಿಯ ಚೆಕ್. ಬ್ಯಾಂಕಿಗೆ ಹಾಕಿದರೆ, ಖಾತೆಯಲ್ಲಿ ಹಣವಿಲ್ಲ ಎಂಬ ಮೆಮೋ ಜೊತೆ ವಾಪಸ್. ವ್ಯಾಪಾರಿ ಫೋನ್ ಎತ್ತುತ್ತಿಲ್ಲ. ಬರಬೇಕಾದ್ದೇ ಬಂದಿಲ್ಲ, ಲಾಯರ್ ಫೀಸು ಎಲ್ಲಿಂದ ತರುವುದು? ತಾನೇ ಹೋಗಿ ಕೇಸು ಹಾಕಬಹುದೇ?

ಹಾಕಬಹುದು. ತನ್ನ ಕೇಸನ್ನು ತಾನೇ ನಡೆಸುವವರಿಗೆ ಕೋರ್ಟಿನಲ್ಲಿ ‘ಪಾರ್ಟಿ ಇನ್ ಪರ್ಸನ್’ ಅನ್ನುತ್ತಾರೆ. ಅವರು ವಕಾಲತ್ತು ಹಾಕಬೇಕಿಲ್ಲ, ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಆದರೆ ಚೆನ್ನಾಗಿ ಮಾತಾಡುವ ಭಾವಮೈದನನ್ನು ಕರೆದುಕೊಂಡು ಹೋಗಿ ಅವನ ಕೈಲಿ ವಾದ ಮಾಡಿಸುತ್ತೇನೆ ಅಂದರೆ ಆಗದು. ಇಂಥದೊಂದು ಕೋರಿಕೆ 1978ರಲ್ಲಿ ಸುಪ್ರೀಂ ಕೋರ್ಟಿಗೇ ಬಂದಿತ್ತು. ತನ್ನ ಪರ ತಾನೇ ಮಾತಾಡುವುದು ಹಕ್ಕು, ವಕೀಲನಲ್ಲದ ಗೆಳೆಯ ಮಾತಾಡುವುದು ಕೋರ್ಟಿನ ಅನುಮತಿಗೆ ಬಿಟ್ಟದ್ದು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಹೇಳಿದರು.

ಹಾಗಾದರೆ ಯಾವ ಊರಿನ ಕೋರ್ಟು? ವ್ಯಾಪಾರಿ ತಿಪಟೂರಿನವನಾದ್ದರಿಂದ ಅಲ್ಲಿಗೇ ಅಲೆಯಬೇಕು ಎಂದು ಹಲವರು ತಿಳಿದಿದ್ದಾರೆ. 2015ರ ತಿದ್ದುಪಡಿಯಾದ ಮೇಲೆ ಹಾಗಿಲ್ಲ. ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ದೂರು. ಬಾಣಾವರದ ಖಾತೆಯಾದರೆ ಅರಸೀಕೆರೆ, ಹಳೇಬೀಡಿನದಾದರೆ ಬೇಲೂರು.

ಕೋರ್ಟಿಗೆ ಮೊದಲು ಅಂಚೆ ಕಚೇರಿ. ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ಹಣ ಕೇಳಿ ನೋಟಿಸ್ ಕೊಡಬೇಕು. ಅದನ್ನು ಲಾಯರೇ ಬರೆಯಬೇಕೆಂದಿಲ್ಲ, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ನೀವೇ ಬರೆದು ಸಹಿ ಹಾಕಿದರೆ ಸಾಕು. ಕೇಳುವ ಮೊತ್ತ ಮಾತ್ರ ಚೆಕ್ಕಿನಲ್ಲಿರುವ ಮೊತ್ತವೇ ಆಗಿರಬೇಕು. ಬಡ್ಡಿ, ಓಡಾಟದ ಖರ್ಚು ಎಲ್ಲ ಸೇರಿಸಿ ‘ಎರಡು ಲಕ್ಷ ಕೊಡು’ ಎಂದು ಬರೆದರೆ ನೋಟಿಸೇ ಬಿದ್ದುಹೋಗುತ್ತದೆ. ಬಡ್ಡಿ ಕೇಳಲೇಬೇಕೆಂದರೆ ಬೇರೆ ಸಾಲಿನಲ್ಲಿ ಬೇರೆಯಾಗಿ ಕೇಳಿ. ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ, ಅದು ಕಳೆದ ಮೇಲೆ ದೂರು ಕೊಡಲು ನಿಮಗೆ ಒಂದು ತಿಂಗಳು.

ತಾರೀಖು ಹಾಕಿ ನೋಡೋಣ. ಮೆಮೋ ಬಂದದ್ದು ಮಾರ್ಚ್ 3. ನೋಟಿಸ್ ಕಳಿಸಲು ಏಪ್ರಿಲ್ 2 ಕಡೆಯ ದಿನ. ಮಾರ್ಚ್ 20ಕ್ಕೆ ಅವನ ಕೈಸೇರಿತು ಎಂದರೆ ಏಪ್ರಿಲ್ 4ರವರೆಗೆ ಅವನ ಗಡುವು. ಏಪ್ರಿಲ್ 5ರಿಂದ ಒಂದು ತಿಂಗಳೊಳಗೆ ದೂರು. ಸಿಟ್ಟಿನಲ್ಲಿ ಏಪ್ರಿಲ್ 1ಕ್ಕೇ ಹೋಗಿ ದೂರು ಕೊಟ್ಟರೆ ಅದು ನಿಲ್ಲುವುದಿಲ್ಲ. ದೂರು ತಡವಾದರೆ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಲು ದಾರಿ ಇದೆ, ನೋಟಿಸ್ ತಡವಾದರೆ ಆ ದಾರಿಯೂ ಇಲ್ಲ. ಇಂಥ ಕೇಸುಗಳಲ್ಲಿ ಕಾನೂನಿನ ಜ್ಞಾನಕ್ಕಿಂತ ಗೋಡೆಯ ಕ್ಯಾಲೆಂಡರ್ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ನೋಟಿಸ್ ಕೆಲವೊಮ್ಮೆ ‘ಬಾಗಿಲು ಹಾಕಿದೆ’ ಅಥವಾ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಗಾಬರಿಯಾಗಬೇಡಿ, ಮುಖ್ಯವಾಗಿ ಆ ಕವರನ್ನು ಒಡೆಯಬೇಡಿ. ವಿಳಾಸ ಸರಿಯಿದ್ದರೆ ನೋಟಿಸ್ ತಲುಪಿದಂತೆಯೇ ಲೆಕ್ಕ. ಅಂಟಿಸಿದ್ದು ಅಂಟಿಸಿದಂತೆಯೇ ಇರುವ ಆ ಕವರು, ಅದರ ಮೇಲಿನ ಅಂಚೆಯಣ್ಣನ ಕೈಬರಹ, ಎರಡೂ ನಿಮ್ಮ ಸಾಕ್ಷ್ಯ.

ದೂರು ಒಂದೂವರೆ ಪುಟ ಸಾಕು. ಯಾವಾಗ ಎಷ್ಟು ಕೊಬ್ಬರಿ ಕೊಟ್ಟಿರಿ, ಚೆಕ್ ನಂಬರು, ಬ್ಯಾಂಕು, ವಾಪಸಾದ ದಿನ, ನೋಟಿಸಿನ ದಿನ, ಅದು ತಲುಪಿದ ದಿನ, ಇವತ್ತಿನವರೆಗೂ ಹಣ ಬಂದಿಲ್ಲ ಎಂಬ ಮಾತು. ‘ಅವನೂ ಮೋಸಗಾರ, ಅವರಪ್ಪನೂ ಹಾಗೇ ಇದ್ದ’ ಎಂಬ ಪ್ಯಾರಾ ಬರೆಯಲು ಕೈ ತುರಿಸುತ್ತದೆ, ಬಿಟ್ಟುಬಿಡಿ. ಇದರ ಜೊತೆ ಪ್ರಮಾಣಪತ್ರ, ಮೂಲ ಚೆಕ್, ಮೆಮೋ, ನೋಟಿಸಿನ ನಕಲು, ಅಂಚೆ ರಸೀದಿ, ಕೊಬ್ಬರಿ ತೂಗಿದ ಚೀಟಿ, ದಾಖಲೆಗಳ ಪಟ್ಟಿ. ಎದುರಾಳಿಗೆ ಒಂದು ಸೆಟ್, ನಿಮಗೊಂದು ಸೆಟ್. ಮೂಲ ಚೆಕ್ ಕೋರ್ಟಿನ ಫೈಲಿಗೆ ಸೇರಿಬಿಡುವುದರಿಂದ ಹಿಂದೆ ಮುಂದೆ ಎರಡೂ ಕಡೆ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.

ಕೊಟ್ಟದ್ದನ್ನು ಕಚೇರಿಯವರು ತಿರುವಿಹಾಕಿ, ಸಹಿ ಬಿಟ್ಟಿದ್ದರೆ, ಪುಟದ ಸಂಖ್ಯೆ ಇಲ್ಲದಿದ್ದರೆ ಆಕ್ಷೇಪ ಬರೆಯುತ್ತಾರೆ. ಅದನ್ನು ಸರಿಮಾಡಿದರೆ ಆಯಿತು, ಕೇಸೇ ಹೋಯಿತೆಂದು ಮುಖ ಬಾಡಿಸಿಕೊಳ್ಳಬೇಕಿಲ್ಲ. ಮೊದಲು ಸಿಗುವುದು ಪಿ.ಸಿ.ಆರ್. ನಂಬರು. ಮ್ಯಾಜಿಸ್ಟ್ರೇಟರು ದೂರನ್ನು ಪರಿಗಣನೆಗೆ ತೆಗೆದುಕೊಂಡ ಮೇಲೆ ಸಿ.ಸಿ. ನಂಬರು. ಜೊತೆಗೆ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ಡೇಟು ಮನೆಯಲ್ಲೇ ಗೊತ್ತಾಗುತ್ತದೆ.

ಇನ್ನು ಹಾಜರಾತಿ. ಕಲಾಪ 11 ಗಂಟೆಗೆ, ನೀವು ಹತ್ತೂವರೆಗೆ. ಒಮ್ಮೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ನೋಡಿದ್ದು: ಅಟೆಂಡರ್ ಬಾಗಿಲಲ್ಲಿ ನಿಂತು ಒಂದು ಹೆಸರನ್ನು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಹತ್ತು ನಿಮಿಷದ ಮೇಲೆ ಟವೆಲ್ಲಿನಲ್ಲಿ ಬಾಯೊರೆಸಿಕೊಳ್ಳುತ್ತಾ ಬಂದ ಯಜಮಾನರು ‘ಟೀ ಕುಡಿಯೋಕೆ ಹೋಗಿದ್ದೆ ಸ್ವಾಮಿ’ ಅಂದರು. ಅಷ್ಟರಲ್ಲಿ ಅವರ ಫೈಲು ಪಕ್ಕಕ್ಕೆ ಹೋಗಿತ್ತು. ದೂರುದಾರರು ಬಾರದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡಲು ಕಾನೂನಿನಲ್ಲೇ ಅವಕಾಶವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆ ಅದಕ್ಕೆ ಮುಂಚೆ 30 ದಿನ ಕಾಲ ಕೊಡಬೇಕು ಅನ್ನುತ್ತದೆ. ಆ ಮೂವತ್ತು ದಿನವನ್ನು ನೆಚ್ಚಿ ಕೂರಬೇಡಿ. ಬರಲಾಗದಿದ್ದರೆ ಕಾರಣ ಬರೆದ ಅರ್ಜಿ ಆ ದಿನವೇ ಕೋರ್ಟು ಸೇರಬೇಕು. ಹುಬ್ಬಳ್ಳಿ ರೈಲು ತಡವಾಯಿತು ಎಂದು ಮಾರನೆಯ ದಿನ ಬಂದು ಹೇಳಿದರೆ ಪ್ರಯೋಜನವಿಲ್ಲ.

ಹೆಸರು ಕೂಗಿದಾಗ ಎದ್ದು ಮುಂದೆ ಹೋಗಿ ನಿಲ್ಲಿ. ಕನ್ನಡದಲ್ಲೇ ಮಾತಾಡಿ, ‘ಸ್ವಾಮಿ’ ಅಂದರೆ ಸಾಕು. ಎದುರಿನ ಲಾಯರ್ ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಹೊರಡುವ ಮುಂಚೆ ಮುಂದಿನ ತಾರೀಖು, ಅವತ್ತು ಏನು ನಡೆಯುತ್ತದೆ ಎಂಬುದನ್ನು ಬೆಂಚ್ ಕ್ಲರ್ಕ್ ಹತ್ತಿರ ಕೇಳಿ ಬರೆದುಕೊಳ್ಳಿ. ಸಮನ್ಸ್ ಕಳಿಸಲು ಪ್ರೋಸೆಸ್ ಫೀ ಕಟ್ಟುವುದನ್ನು ಮರೆತರೆ ಕೇಸು ಇದ್ದಲ್ಲೇ ಇರುತ್ತದೆ.

ಇಲ್ಲಿಯವರೆಗೆ ಒಬ್ಬರೇ ಬರಬಹುದು. ಕಷ್ಟ ಶುರುವಾಗುವುದು ಪಾಟಿ ಸವಾಲಿನಲ್ಲಿ. ಚೆಕ್ಕಿನ ಸಹಿ ತನ್ನದೇ ಎಂದು ಆರೋಪಿ ಒಪ್ಪಿದರೆ ಅದು ಸಾಲಕ್ಕಾಗಿಯೇ ಕೊಟ್ಟದ್ದೆಂದು ಕೋರ್ಟು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವನದು. ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲೇ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಹಾಗಾಗಿ ಅವನು ಕಟಕಟೆಗೆ ಬಂದು ‘ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕು, ಕೊಬ್ಬರಿ ಬಂದೇ ಇಲ್ಲ’ ಅನ್ನುತ್ತಾನೆ. ಆಗ ನೀವು ಪ್ರಶ್ನೆ ಕೇಳಬೇಕು, ಭಾಷಣ ಮಾಡುವಂತಿಲ್ಲ. ‘ಕೊಬ್ಬರಿ ಬಂದಿಲ್ಲ ಅಂದರೆ ನನ್ನ ನೋಟಿಸಿಗೆ ಯಾಕೆ ಉತ್ತರ ಕೊಡಲಿಲ್ಲ?’ ಇದು ಪ್ರಶ್ನೆ. ಪ್ರಶ್ನಿಸದೆ ಬಿಟ್ಟ ಮಾತು ಒಪ್ಪಿಕೊಂಡ ಮಾತಾಗುವ ಅಪಾಯವಿದೆ. ಈ ಘಟ್ಟಕ್ಕೆ ಮಾತ್ರ ವಕೀಲರಿರಲಿ ಅನ್ನುತ್ತೇನೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು. ಅಣ್ಣತಮ್ಮಂದಿರ ಪಾಲಿನ ದಾವೆಯಾದರೆ ಮೊದಲ ದಿನದಿಂದಲೇ ವಕೀಲರು ಬೇಕು.

ಜಗಳ ಅಂಗಡಿಯವರ ಜೊತೆಗೋ ವಿಮೆ ಕಂಪನಿಯ ಜೊತೆಗೋ ಆದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ ಇದಕ್ಕಿಂತ ಸಲೀಸು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ 2 ವರ್ಷ ಕಾಲವಿದೆ. ಭಾವಮೈದನಿಗೆ ಅಧಿಕಾರಪತ್ರ ಕೊಟ್ಟು ಅಲ್ಲಿಗೆ ಕಳಿಸಲೂಬಹುದು.

ಚೆಕ್ ಕೇಸಿನಲ್ಲಿ ಮಾತ್ರ ಕೆಲವು ವಾಯಿದೆ ಕಳೆದ ಮೇಲೆ ವ್ಯಾಪಾರಿಯೇ ‘ಕಂತಿನಲ್ಲಿ ಕೊಡುತ್ತೇನೆ, ಲೋಕ ಅದಾಲತ್‌ಗೆ ಹಾಕಿ’ ಎಂದು ಬರುವುದುಂಟು. ಒಪ್ಪಬಹುದು. ಆದರೆ ಪ್ರತಿ ಕಂತಿನ ತಾರೀಖು, ಮೊತ್ತ ರಾಜಿ ಪತ್ರದಲ್ಲಿ ಬರೆದಿರಲಿ. ಅದಾಲತ್ತಿನ ತೀರ್ಪಿನ ಮೇಲೆ ಅಪೀಲಿಲ್ಲ, ಅದು ಸಿವಿಲ್ ಡಿಕ್ರಿಗೆ ಸಮ. ಎರಡನೇ ಕಂತಿಗೇ ಅವನು ಮತ್ತೆ ಫೋನ್ ಎತ್ತದಿದ್ದರೆ, ಅದೇ ಕಾಗದ ಹಿಡಿದು ಅಮಲ್ಜಾರಿ ಅರ್ಜಿ ಹಾಕಬಹುದು.